ಎಳೆ ಸಿಗುವವರೆಗೆ

ಬೋಗುಣಿಯ ಮುಂದೆ ಕೂತರೆ ಕೈ ಮುಗಿಯಲಾಗದು.
ಹತ್ತು ಬೆರಳೂ ಬಿಸಿನೀರಲ್ಲಿ.
ಕಣ್ಣು ಮುಚ್ಚಿದರೆ ಎಳೆ ಕಡಿಯುತ್ತದೆ,
ಎಳೆ ಕಡಿದರೆ ಇನಾಯತ್ ಸಾಬರ ಕೆಮ್ಮು ಕೇಳುತ್ತದೆ.
ಶಿಡ್ಲಘಟ್ಟದ ಈ ಓಣಿಯಲ್ಲಿ ಹದಿನಾರು ವರ್ಷ
ನಾನು ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸಿದ್ದೇನೆ.

ಮೊದಮೊದಲು ಅಳುಕಿತ್ತು.
ಚಿಕ್ಕಂದಿನಲ್ಲಿ ಕಲಿಸಿದ್ದೇ ಬೇರೆ:
ಮೊಣಕಾಲೂರು, ಸೆರಗು ಹೊದ್ದುಕೋ, ತಲೆ ಬಾಗಿಸು.
ಇಲ್ಲಿ ಬೆಂದ ಹುಳುವಿನ ನಾತ, ರಾಟೆಯ ಗರಗರ,
ಪಕ್ಕದಲ್ಲಿ ಆರಿಫಾ ನಾದಿನಿಯ ಮೇಲಿನ ಸಿಟ್ಟನ್ನೆಲ್ಲ
ಗೂಡಿನ ಮೇಲೆ ತೀರಿಸುವ ಸದ್ದು.
ಇದರ ನಡುವೆ "ಕರ್ತನೇ" ಅಂದರೆ
ಯಾವ ಕರ್ತನಿಗೆ ಕೇಳೀತು?

ಗೂಡು ಬೆಂದ ಮೇಲೆ ಮೊದಲು ಬರುವುದು ಜುಂಗು.
ಸಿಕ್ಕುಸಿಕ್ಕು, ಕೈತುಂಬ, ನೋಡುವುದಕ್ಕೆ ಬಹಳ.
ಅದನ್ನು ಎಳೆದೆಳೆದು ಪಕ್ಕಕ್ಕೆ ಹಾಕಬೇಕು,
ಸಾಕಪ್ಪ ಅನ್ನುವಷ್ಟು.
ಆಮೇಲೆ ಕೂದಲಿಗಿಂತ ತೆಳ್ಳಗೆ ಒಂದೇ ಒಂದು
ಬೆರಳಿಗೆ ತಾಗುತ್ತದೆ, ಕಣ್ಣಿಗಲ್ಲ.

ನನ್ನ ಮಾತೂ ಹಾಗೇ.
ಬಾಡಿಗೆ, ಚೀಟಿ ದುಡ್ಡು,
ಮೊದಲ ಬೆಂಚು ಬಿಟ್ಟುಕೊಡದ ಸೆಲೀನಮ್ಮನ ಸೊಕ್ಕು,
ಎಲ್ಲ ಎಳೆದು ಹಾಕಿದ ಮೇಲೆ
ಕೆಲವು ದಿನ ಹನ್ನೊಂದು ಗಂಟೆಗೆ,
ಕೆಲವು ದಿನ ಇಲ್ಲವೇ ಇಲ್ಲ,
ಒಳಗಿಂದ ಏನೋ ಬಿಚ್ಚಿಕೊಳ್ಳತೊಡಗುತ್ತದೆ.
ಅದಕ್ಕೆ ಮಾತಿರುವುದಿಲ್ಲ.

ನಿನ್ನೆ ಬುಧವಾರ, ನಮ್ಮ ಮನೆಯಲ್ಲಿ ಕೂಟ.
ತಿಮೊಥಿ ಮೇಷ್ಟ್ರು ಪ್ರಾರ್ಥಿಸಿದರು.
ಅವರ ಪ್ರಾರ್ಥನೆ ದಿಬ್ಬೂರಹಳ್ಳಿ ದಾಟಿ ದೆಹಲಿಗೆ ಹೋಗಿ
ಮಂತ್ರಿಗಳನ್ನೂ ಸೈನ್ಯವನ್ನೂ ಆಶೀರ್ವದಿಸಿ
ವಾಪಸು ಬರುವಷ್ಟರಲ್ಲಿ
ಒಲೆಯ ಮೇಲಿನ ಟೀ ಕುದಿದು ಕುದಿದು ಕಪ್ಪಾಗಿತ್ತು.
ನಗಬಾರದು.
ಹೆಂಡತಿ ತೀರಿಕೊಂಡ ವರ್ಷ ಒಂದು ತಿಂಗಳು
ಅವರೂ ಎದ್ದು ನಿಂತು ಬರೀ "ಅಯ್ಯೋ" ಅಂದು ಕೂತಿದ್ದರು.
ಆ ಅಯ್ಯೋಗೆ ನಾವೆಲ್ಲ ಆಮೆನ್ ಅಂದಿದ್ದೆವು.

ಕೊನೆಗೆ ಪಾಸ್ಟರು, ಹೊಸಬರು, ಗೊತ್ತಿಲ್ಲದೆ,
"ಲುದಿಯಾ ಮುಗಿಸಲಿ" ಎಂದುಬಿಟ್ಟರು.

ನನ್ನ ಮಗಳು. ಹನ್ನೊಂದು ವರ್ಷ.
ಅಂಗಡಿಯಲ್ಲಿ ಉಪ್ಪು ಕೇಳಲೂ
ಕಾಗದದಲ್ಲಿ ಬರೆದುಕೊಂಡು ಹೋಗುವವಳು.
ಅವಳ ಬಾಯಲ್ಲಿ ಪ್ರತಿ ಮಾತೂ ಹೊಸ್ತಿಲು ಎಡವುತ್ತದೆ;
ಎತ್ತಿ ನಿಲ್ಲಿಸುವವಳು ಯಾವಾಗಲೂ ನಾನೇ.

"ಅ..." ಅಂದಳು.
ಉಳಿದದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು.
"ಅ... ಅ..."
ಫ್ಯಾನು ತಿರುಗಿತು. ಯಾರದೋ ಬಳೆ.
ಹಲ್ಲು ಕಚ್ಚಿ ಕೂತೆ. ಇದು ಅಂಗಡಿಯಲ್ಲ,
ಕೇಳುತ್ತಿರುವವನಿಗೆ ಅವಸರವಿಲ್ಲ
ಎಂದು ನನಗೇ ನಾನು ಹೇಳಿಕೊಂಡೆ, ನಂಬದೆ.
"ಅ... ಅಪ್ಪಾ."
ಆಮೇಲೆ ಎಷ್ಟೋ ಹೊತ್ತು.
"ಅ... ಅಮ್ಮನ ಕೈ."

ಅಷ್ಟೇ. ಕೈಗೆ ಏನಾಗಬೇಕೆಂದು ಹೇಳಲಿಲ್ಲ.
ಆಮೆನ್ ಕೂಡ ಅನ್ನದೆ ಗೋಡೆಗೆ ಒರಗಿದಳು,
ಓಡಿ ಬಂದವಳ ಹಾಗೆ ಬೆವರುತ್ತಾ.
ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.
ನಾನು ಟೀ ಸೋಸಲು ಎದ್ದೆ.

ರಾತ್ರಿ ಕೇಳಬೇಕೆಂದಿದ್ದೆ.
ಕೈ ವಾಸಿಮಾಡು ಎಂದಿದ್ದಳೋ,
ಹಿಡಿದುಕೋ ಎಂದೋ,
ಸುಮ್ಮನೆ ಒಂದು ಸಲ ನೋಡು ಎಂದೋ.
ಕೇಳಲಿಲ್ಲ.
ಕೇಳಿದ್ದರೆ ಮತ್ತೆ ನಾನೇ ಮುಗಿಸಿಕೊಟ್ಟ ಹಾಗೆ.

ಇವತ್ತು ಗೂಡು ಹದವಾಗಿ ಬೆಂದಿದೆ.
ನೀರಿಂದ ಕೈ ಎತ್ತಿ ನೋಡುತ್ತೇನೆ:
ಬೆಳ್ಳಗೆ ಉಬ್ಬಿದ ತುದಿ, ಬೆರಳ ಸಂದಿಯ ಸೀಳು,
ಗೆರೆಗಳೆಲ್ಲ ಅಳಿಸಿಹೋದ ಅಂಗೈ.
ಇದನ್ನವಳು ಯಾವಾಗ ನೋಡಿದಳು?
ಅನ್ನ ಕಲಸುವಾಗಲೋ, ಜಡೆ ಹಾಕುವಾಗಲೋ?

ಎಳೆ ಕಡಿಯಿತು.
ಬಾಗಿಲಲ್ಲಿ ಕೆಮ್ಮು.

ಹುಡುಕುತ್ತಿದ್ದೇನೆ ಸಾಬರೇ,
ತುದಿ ಇಲ್ಲೇ ಎಲ್ಲೋ ಇದೆ,
ಹುಡುಕುತ್ತಿದ್ದೇನೆ.